ಜಾಕೀಟಿನ ಕಪಾಟಿನಲ್ಲಿ ರೊಟ್ಟಿ

ಹಡಗಿನ ಕೆಲಸಕ್ಕೆ ಹೋಗಿಬಂದವಳು ಎಂದು ಇಂಡಿ ಊರಿನ ಸಂತೆಯಲ್ಲಿ ಈಗಲೂ ನನ್ನನ್ನು ಕೆಲವರು ನಿಲ್ಲಿಸಿ ಮಾತಾಡಿಸುತ್ತಾರೆ. ಸಮುದ್ರದ ಮೇಲೆ ವಾಂತಿ ಬರುತ್ತದೆಯೇ, ಹಡಗಿನೊಳಗೇ ಈಜುಕೊಳ ಇರುತ್ತದಂತೆ, ಖರೇನಾ ಎಂದು ಕೇಳುತ್ತಾರೆ. ನಾನು ಈಜುಕೊಳದ ಬಗ್ಗೆ ಹೇಳಿ ಕಳಿಸುತ್ತೇನೆ. ನನ್ನ ಜೊತೆ ಅತ್ತೆಯೂ ಹೋಗಿದ್ದರು, ಅವರು ಅರ್ಧದಲ್ಲೇ ತಿರುಗಿ ಬಂದರು ಎಂಬುದು ಎಲ್ಲರಿಗೂ ಗೊತ್ತು. ಯಾಕೆ ಬಂದರು ಎಂಬುದಕ್ಕೆ ಊರಲ್ಲಿ ಒಂದು ಕಥೆಯಿದೆ. ಆ ಕಥೆ ಕಟ್ಟಿದವಳು ನಾನು. ಅದು ಸುಳ್ಳು.

ಝಳಕಿಯಲ್ಲಿ ಹೆದ್ದಾರಿಯ ಪಕ್ಕ ನಮ್ಮದೊಂದು ಖಾನಾವಳಿ. ಗಲ್ಲಾಪೆಟ್ಟಿಗೆಯ ಹತ್ತಿರ ಗಂಡ, ಒಳಗೆ ಒಲೆಯ ಮುಂದೆ ಅತ್ತೆ ಮತ್ತು ನಾನು. ಅತ್ತೆಯ ತವರು ಮುದ್ದೇಬಿಹಾಳದ ಕಡೆ. ರೊಟ್ಟಿ ಬಡಿಯುವುದರಲ್ಲಿ ಅವರನ್ನು ಸರಿಗಟ್ಟುವವರು ನಮ್ಮ ಸುತ್ತಿನಲ್ಲಿ ಇಲ್ಲ ಎಂದು ಹೇಳಿದರೆ ಅದು ಸೊಸೆಯ ಹೊಗಳಿಕೆ ಅಲ್ಲ. ಸೊಸೆಯಂದಿರು ಅಷ್ಟು ಸುಲಭಕ್ಕೆ ಹೊಗಳುವುದಿಲ್ಲ. ಸೊಲ್ಲಾಪುರದಿಂದ ವಿಜಯಪುರಕ್ಕೆ ಕಾರಿನಲ್ಲಿ ಹೊರಟಿದ್ದ ಒಬ್ಬ ಮನುಷ್ಯ ಊಟಕ್ಕೆ ನಿಂತವನು ನಾಲ್ಕು ರೊಟ್ಟಿ ತಿಂದು, ನೇರ ಅಡುಗೆಮನೆಗೇ ಬಂದು ಅತ್ತೆಯ ಕೈಯ ವಿಡಿಯೋ ಮಾಡಿಕೊಂಡ. ತಿಂಗಳ ಮೇಲೆ ಫೋನ್ ಮಾಡಿದ. ಮುಂಬಯಿಯಿಂದ ಕೊಚ್ಚಿಯವರೆಗೆ ಕರಾವಳಿಗುಂಟ ತಿರುಗುವ ಒಂದು ಶ್ರೀಮಂತರ ಹಡಗಿದೆ, ಅತಿಥಿಗಳ ಕಣ್ಣೆದುರು ರೊಟ್ಟಿ ಬಡಿಯಲು ಇಬ್ಬರು ಹೆಂಗಸರು ಬೇಕು, ಆರು ತಿಂಗಳು ಎಂದ.

ಗಂಡ ಒಲ್ಲೆ ಎಂದರು. ಅತ್ತೆಯೇ ಹಟ ಹಿಡಿದರು. "ಇಷ್ಟ ವರ್ಷ ಬರೇ ಒಲಿ ನೋಡೇನಿ. ಒಮ್ಮೆ ಸಮುದ್ರ ನೋಡಿ ಬರ್ತೇನಿ. ನಿಂದೇನ ಗಂಟ ಹೋಗತೈತಿ?"

ನಾನು ಇಂಡಿಯಲ್ಲಿ ಪಿಯುಸಿ ಮುಗಿಸಿದವಳು. ಒಡಕುಮುರುಕು ಇಂಗ್ಲಿಷ್ ಬರುತ್ತಿತ್ತು. ಅತ್ತೆಗೆ ನಮ್ಮ ಭಾಷೆ ಬಿಟ್ಟರೆ ಬೇರೆ ಬಾರದು. ಆ ಮನುಷ್ಯ ನೇರವಾಗಿಯೇ ಹೇಳಿದ: ಅಜ್ಜಿ ಬಡಿಯಲಿ, ನೀವು ಮಾತಾಡಿ. ಹೀಗೆ ಹಡಗು ಹತ್ತುವ ಮೊದಲೇ ಅತ್ತೆಯ ನಾಲಿಗೆ ನನ್ನ ಕೈಗೆ ಬಂದಿತ್ತು.

ಹಡಗು ಚಿಕ್ಕದು. ಚಿಕ್ಕದು ಎಂದರೆ ಅವರ ಲೆಕ್ಕದಲ್ಲಿ. ಸಿಂದಗಿಯ ಬಸ್‌ ನಿಲ್ದಾಣವನ್ನು ಬಸ್ಸುಗಳ ಸಮೇತ ಎತ್ತಿ ಒಳಗಿಟ್ಟರೂ ಜಾಗ ಉಳಿಯುತ್ತಿತ್ತು. ಮೇಲಿನ ಅಂತಸ್ತುಗಳಲ್ಲಿ ಅತಿಥಿಗಳು, ನೀರಿನ ಮಟ್ಟಕ್ಕಿಂತ ಕೆಳಗೆ ನಾವು. ನಮ್ಮ ಕೋಣೆಗೆ ಕಿಟಕಿ ಇರಲಿಲ್ಲ. ಒಂದರ ಮೇಲೊಂದು ಎರಡು ಮಂಚ, ತಲೆಯ ಮೇಲೆ ಹಗಲೂ ರಾತ್ರಿ ಒಣಗಾಳಿ ಊದುವ ಒಂದು ಜಾಲರಿ, ಬಾಗಿಲ ಪಕ್ಕದಲ್ಲಿ ಎತ್ತರಕ್ಕೊಂದು ಕಪಾಟು. ಆ ಕಪಾಟಿನಲ್ಲಿ ಎರಡು ಕಿತ್ತಳೆ ಬಣ್ಣದ ಜಾಕೀಟು, ಹಡಗು ಮುಳುಗುವ ಹೊತ್ತು ಬಂದರೆ ತೊಟ್ಟುಕೊಂಡು ತೇಲಲು. ಅತ್ತೆ ಮಂಚದ ಮೇಲೆ ಕೂತು ನಾಲ್ಕೂ ಗೋಡೆ ನೋಡಿ ಅಂದರು: "ಸಮುದ್ರ ನೋಡಾಕ ಬಂದು ಅದರ ಹೊಟ್ಟ್ಯಾಗ ಕುಂತೀವಲ್ಲ ಯವ್ವಾ."

ಮೇಲೆ ಈಜುಕೊಳದ ಪಕ್ಕ ನಮಗೊಂದು ಗುಡಿಸಲು ಕಟ್ಟಿದ್ದರು. ಹುಲ್ಲಿನ ಚಾವಣಿ, ಮಣ್ಣಿನ ಬಣ್ಣ ಬಳಿದ ಒಲೆ. ಹಡಗಿನಲ್ಲಿ ಬೆಂಕಿ ಹಚ್ಚುವಂತಿಲ್ಲ. ಒಲೆಯ ಹೊಟ್ಟೆಯೊಳಗೆ ಕರೆಂಟಿನ ತಟ್ಟೆ ಇತ್ತು. ಸೀರೆಯನ್ನೂ ಕಂಪನಿಯೇ ಕೊಟ್ಟಿತು, ನಾವು ಉಟ್ಟುಬಂದ ಇಳಕಲ್ ಸೀರೆ ಫೋಟೋದಲ್ಲಿ ಮಂಕಾಗಿ ಕಾಣುತ್ತದಂತೆ. ಅತಿಥಿಗಳು ಸುತ್ತ ನಿಂತು ವಿಡಿಯೋ ಮಾಡುತ್ತಿದ್ದರು. ಒಬ್ಬಿಬ್ಬರು ಕೈ ತೊಳೆದು ಬಂದು ತಾವೂ ಬಡಿಯುತ್ತಿದ್ದರು. ಹಿಟ್ಟು ಹರಿದರೆ ಚಪ್ಪಾಳೆ, ನಗು. ಆಮೇಲೆ ಒಂದು ಚೂರು ಮುರಿದು ಬಾಯಿಗಿಟ್ಟು, ತಲೆದೂಗಿ, ಉಳಿದದ್ದನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಹೊರಗಿಟ್ಟ ಆಹಾರ ಇಷ್ಟು ತಾಸಿನ ಮೇಲೆ ಉಳಿದರೆ ಕಸಕ್ಕೆ ಹೋಗಬೇಕು, ಯಾರೂ ತಿನ್ನಬಾರದು ಎಂದು ನಿಯಮ. ದಿನವೂ ಅತ್ತೆಯ ಕಣ್ಣೆದುರೇ ಬುಟ್ಟಿಗಟ್ಟಲೆ ರೊಟ್ಟಿ ಅರೆಯುವ ಯಂತ್ರಕ್ಕೆ ಹೋಗುತ್ತಿತ್ತು.

ಹಡಗು ಬೆಳಿಗ್ಗೆ ಒಂದೊಂದು ಬಂದರಿನಲ್ಲಿ ನಿಲ್ಲುತ್ತಿತ್ತು. ಅತಿಥಿಗಳು ದಂಡೆಯ ಪ್ರವಾಸಕ್ಕೆ ಇಳಿಯುವರು. ಮಸಾಲೆ ತೋಟ, ಮೀನು ಪೇಟೆ, ಹಳೆಯ ಚರ್ಚು, ಒಂದು ಹಳ್ಳಿ. ಅವರ ಜೊತೆ ನೀಲಿ ಅಂಗಿಯ ಸಿಬ್ಬಂದಿ ಛತ್ರಿ, ನೀರಿನ ಬಾಟಲಿ ಹಿಡಿದು ಹೋಗುತ್ತಿದ್ದರು. ಮಧ್ಯಾಹ್ನ ತಿರುಗಿ ಬಂದಾಗ ಮೆಟ್ಟಿಲ ತುದಿಯಲ್ಲಿ ಇಕ್ಕಳದಿಂದ ಎತ್ತಿ ಕೊಡುವ ತಣ್ಣನೆಯ ಒದ್ದೆ ಟವೆಲ್, ಲಿಂಬೆ ಶರಬತ್ತು. ಹಳ್ಳಿ ನೋಡಲೆಂದು ಅವರು ಕೆಳಗಿಳಿದರೆ, ನಾವಿಬ್ಬರು ಹಳ್ಳಿಯ ಹೆಂಗಸರು ಹಡಗಿನಲ್ಲೇ ಹಿಟ್ಟು ನಾದುತ್ತ ಕೂತಿರುತ್ತಿದ್ದೆವು. ಐದು ವಾರ ನಮ್ಮ ಪಾದಕ್ಕೆ ಮಣ್ಣು ಸೋಂಕಿರಲಿಲ್ಲ.

ನನಗೆ ಆ ನೀಲಿ ಅಂಗಿ ಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಮದುವೆಯಾದ ಮೇಲೆ ಅಷ್ಟು ಆಸೆಯಿಂದ ನಾನು ಏನನ್ನೂ ಬಯಸಿರಲಿಲ್ಲ. ಒಲೆ ಬಿಟ್ಟು ಎದ್ದು, ಬೂಟು ಹಾಕಿಕೊಂಡು, ಹೊಸ ಊರಿನ ಬೀದಿಯಲ್ಲಿ ನಾಲ್ಕು ಜನಕ್ಕೆ ದಾರಿ ತೋರಿಸುತ್ತ ನಡೆಯಬೇಕು. ನಮ್ಮ ಮೇಲ್ವಿಚಾರಕಿ ಹೊರದೇಶದ ಹೆಂಗಸು. ಅವರನ್ನು ಎಲ್ಲರೂ ಮೇಡಂ ಅನ್ನುತ್ತಿದ್ದರು. ಅವರನ್ನು ಕೇಳಿದೆ. ಈ ಸಲ ಗೋವಾ ದಾಟಿದ ಮೇಲೆ ಒಂದು ಜಾಗ ಖಾಲಿಯಾಗುತ್ತದೆ, ನಿನ್ನ ಮೇಲೆ ಒಂದೂ ದೂರು ಇರದಿದ್ದರೆ ಅದು ನಿನ್ನದು ಎಂದರು. ಆ ರಾತ್ರಿ ಅತ್ತೆಗೆ ಹೇಳಿದಾಗ ಅವರಿಗೆ ನನಗಿಂತ ಹೆಚ್ಚು ಖುಷಿಯಾಯಿತು. "ಹೋಗವಾ. ನಾ ಒಬ್ಬಾಕಿನ ಬಡಿತೇನಿ. ನೀ ನೋಡಿ ಬಂದು ನನಗ ಹೇಳು."

ರೊಟ್ಟಿ ಚೆಲ್ಲುವುದನ್ನು ಮಾತ್ರ ಅವರಿಂದ ತಡೆಯಲಾಗಲಿಲ್ಲ. ನಮ್ಮಲ್ಲಿ ಉಳಿದ ರೊಟ್ಟಿ ಎಂಬುದೇ ಇಲ್ಲ. ಉಳಿದರೆ ಒಣಗಿಸುತ್ತೇವೆ, ಕಟಕ್ ರೊಟ್ಟಿಯಾಗಿ ಬಟ್ಟೆಯಲ್ಲಿ ಸುತ್ತಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಅತ್ತೆ ಊಟ ಬಿಟ್ಟು ಕೂತಾಗ ಉಪಾಯ ಹೇಳಿದವಳು ನಾನು. ಯಾರೂ ಮುಟ್ಟದ ರೊಟ್ಟಿಗಳನ್ನು ಸೆರಗಿನಲ್ಲಿ ಸುತ್ತಿ ಕೆಳಗೆ ತಂದೆವು. ಜಾಲರಿಯ ಕೆಳಗೆ ದಾರ ಕಟ್ಟಿ ಹರವಿದೆವು. ಊರಿನ ಬಿಸಿಲಿಗೆ ಎರಡು ದಿನ ಬೇಕಾದದ್ದು ಆ ಗಾಳಿಗೆ ಒಂದೇ ರಾತ್ರಿಯಲ್ಲಿ ಒಣಗಿತು. ಇಡಲು ಜಾಗ ಎಲ್ಲಿ? ನಾನೇ ಕುರ್ಚಿ ಹತ್ತಿ, ಕಪಾಟಿನಿಂದ ಜಾಕೀಟುಗಳನ್ನು ತೆಗೆದು ಹಾಸಿಗೆಯ ಕೆಳಗೆ ತುರುಕಿ, ಅಲ್ಲಿ ರೊಟ್ಟಿಯ ಅಟ್ಟಿ ಜೋಡಿಸಿದೆ. ಅತ್ತೆಗೆ ಆ ಎತ್ತರ ಎಟುಕುತ್ತಲೇ ಇರಲಿಲ್ಲ. ಜಾಕೀಟು ತೆಗೆದಿದ್ದು ನೋಡಿ ಅವರು ನಕ್ಕರು: "ಇರಲಿ ಬಿಡ. ಜೀವಾ ಉಳಸೂದು ರೊಟ್ಟಿನ ಅಲ್ಲೇನ?"

ಗೋವಾ ತಲುಪುವ ಎರಡು ದಿನ ಮೊದಲು ತಪಾಸಣೆ ಬಂತು. ಮೇಡಂ ಮತ್ತು ಒಬ್ಬ ಸುರಕ್ಷತಾ ಅಧಿಕಾರಿ ಕೋಣೆಗಳನ್ನು ಒಂದೊಂದಾಗಿ ನೋಡುತ್ತ ಬಂದರು. ಅಧಿಕಾರಿ ಕಪಾಟಿನ ಬಾಗಿಲು ಎಳೆದ. ಅಟ್ಟಿಗೆ ಅಟ್ಟಿಯೇ ಅವನ ಎದೆಯ ಮೇಲೆ ಉರುಳಿ, ನೆಲದ ತುಂಬ ರೊಟ್ಟಿಯ ಚೂರು. ಮೊದಲು ಅವನಿಗೆ ಅದು ಏನೆಂದೇ ತಿಳಿಯಲಿಲ್ಲ. ಆಮೇಲೆ ಜಾಕೀಟು ಎಲ್ಲಿ ಎಂದು ಕಿರುಚಿದ. ಅತ್ತೆ ಆಗಲೇ ನೆಲಕ್ಕೆ ಕೂತು ಚೂರುಗಳನ್ನು ಸೆರಗಿಗೆ ಆರಿಸಿಕೊಳ್ಳುತ್ತಿದ್ದರು.

ಮೇಡಂನ ಕಚೇರಿಯಲ್ಲಿ ಅವರಿಬ್ಬರು ಒಂದು ಕಡೆ, ನಾವಿಬ್ಬರು ಒಂದು ಕಡೆ. ಕಸಕ್ಕೆ ಹೋಗಬೇಕಾದ ಆಹಾರ ಕದ್ದಿದ್ದು ಒಂದು ತಪ್ಪು. ಜಾಕೀಟು ಸರಿಸಿದ್ದು ಅದಕ್ಕಿಂತ ದೊಡ್ಡದು, ಅದನ್ನು ಯಾರು ಮಾಡಿದರೋ ಅವರು ಹಡಗಿನಲ್ಲಿ ಇರುವ ಹಾಗಿಲ್ಲ. ಯಾರು ಮಾಡಿದ್ದು ಎಂದು ಕೇಳಿದರು. ನಾನು ಆ ಪ್ರಶ್ನೆಯನ್ನಷ್ಟೇ ಅತ್ತೆಗೆ ಹೇಳಿದೆ.

ಅತ್ತೆ ಕೈ ಮುಗಿದರು. "ನಾ ಹಟ ಮಾಡಿದ್ದಕ್ಕ ನನ್ನ ಸೊಸಿ ಇಟ್ಟಾಳ್ರಿ. ಜ್ವಾಳ ಚೆಲ್ಲಿದ್ರ ನಮಗ ತಡಕೊಳ್ಳಾಕ ಆಗೂದಿಲ್ಲ. ಅಕಿ ಸಣ್ಣಾಕಿ, ಅಕಿಗೆ ಹೊಸಾ ಕೆಲಸಾ ಸಿಗೂದೈತಿ. ಬೈಯೂದಿದ್ರ ನನಗ ಬೈರಿ."

ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಹೇಳಿದೆ: ತಾನೇ ಮಾಡಿದೆ ಅನ್ನುತ್ತಿದ್ದಾರೆ. ವಯಸ್ಸಾಗಿದೆ, ತಿಳಿಯುವುದಿಲ್ಲ. ನನಗೆ ಗೊತ್ತಿರಲಿಲ್ಲ.

ಗೊತ್ತಿರಲಿಲ್ಲ ಅನ್ನುವಾಗ ಗದ್ದದಿಂದ ಅತ್ತೆಯ ಕಡೆ ತೋರಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂದು ಜನ ಆಡಿಕೊಂಡು ನಗುತ್ತಾರೆ. ಎತ್ತೇ ಕಬ್ಬಿಣ ಕಾಯಿಸಿ ಕೊಟ್ಟಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಹಾಗಾದರೆ ಇವರನ್ನು ಗೋವಾದಲ್ಲಿ ಇಳಿಸಿಬಿಡುತ್ತೇವೆ ಎಂದರು ಮೇಡಂ. "ಏನಂದ್ರು?" ಎಂದು ಅತ್ತೆ ಕೇಳಿದರು.

"ನಿಮಗ ದಣಿವಾಗೇತಂತ್ರಿ ಅತ್ತಿ. ಗೋವಾದಾಗ ಇಳಿಸಿ ಮನಿಗೆ ಕಳಸ್ತಾರಂತ. ವಿಶ್ರಾಂತಿ ತಗೋರಿ ಅನ್ನಾಕತ್ತಾರ."

"ಮತ್ತ ನಿನಗ?"

"ನನಗೇನೂ ಅಂದಿಲ್ರಿ."

ಅತ್ತೆಯ ಮುಖ ಅರಳಿತು. ಮೇಡಂಗೂ ಅಧಿಕಾರಿಗೂ ಮತ್ತೊಮ್ಮೆ ಕೈ ಮುಗಿದು, "ಪುಣ್ಯಾ ಬರಲಿ ನಿಮಗ" ಎಂದರು. ಮುಂದೆ ಚಾಚಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಮೇಡಂ ಆ ಕಾಗದವನ್ನೇ ನೋಡುತ್ತಿದ್ದರು, ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಗೋವಾದಲ್ಲಿ ಇಳಿಯುವ ಬೆಳಿಗ್ಗೆ ಅತ್ತೆ ತಮ್ಮ ಹಳೆಯ ಸೀರೆ ಉಟ್ಟು ತಯಾರಾಗಿದ್ದರು. "ಆ ರೊಟ್ಟಿ ಕಟ್ಟಿಕೊಡಂತ ಹೇಳ ಯವ್ವಾ, ದಾರಿಗೆ ಆಗ್ತಾವು" ಎಂದರು. ರೊಟ್ಟಿ ತಪಾಸಣೆಯ ದಿನವೇ ಯಂತ್ರಕ್ಕೆ ಹೋಗಿತ್ತು. ಅವರಿಗೆ ಭಾಳ ಸೇರಿದವಂತ, ಇಟ್ಟುಕೊಂಡಾರ ಎಂದೆ. ಒಂದು ಸುಳ್ಳಿನ ಬೆನ್ನಿಗೆ ಇನ್ನೊಂದು ಎಷ್ಟು ಸಲೀಸಾಗಿ ಬರುತ್ತದೆ! "ತಿನ್ನಲಿ ಬಿಡ" ಎಂದು ಅತ್ತೆ ಹಿಗ್ಗಿದರು. ಕಂಪನಿಯ ಏಜೆಂಟನೊಬ್ಬ ಅವರ ಚೀಲ ಹಿಡಿದು ಮುಂದೆ ನಡೆದ. ನಾನು ಮೆಟ್ಟಿಲ ತನಕ ಹೋಗಲಿಲ್ಲ. ಹೋಗಬಾರದೆಂದು ನಿಯಮವಿತ್ತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅಂಥ ನಿಯಮ ಇರಲಿಲ್ಲ.

ನೀಲಿ ಅಂಗಿ ಸಿಕ್ಕಿತು. ಮುಂದಿನ ಬಂದರಿನಲ್ಲಿ ಮೊದಲ ಸಲ ಮೆಟ್ಟಿಲಿಳಿದು ನೆಲಕ್ಕೆ ಕಾಲಿಟ್ಟಾಗ ನೆಲವೇ ಹಡಗಿನಂತೆ ತೂಗಿತು. ಎಂಟು ಜನ ಅತಿಥಿಗಳನ್ನು ಒಂದು ಹಳ್ಳಿಗೆ ಕರೆದೊಯ್ದೆವು. ಒಂದು ಮನೆಯ ಜಗಲಿಯಲ್ಲಿ ಮುದುಕಿಯೊಬ್ಬರು ಕೂತು ತೆಂಗಿನಗರಿ ಹೆಣೆಯುತ್ತಿದ್ದರು. ಅತಿಥಿಯೊಬ್ಬಳು ನನ್ನ ತೋಳು ಮುಟ್ಟಿ, ಇದರಿಂದ ಅವರಿಗೆ ಬೇಸರ ಬರುವುದಿಲ್ಲವೇ ಕೇಳು ಎಂದಳು. ಕೇಳಿದೆ. ಅವರದು ಕರಾವಳಿಯ ಕನ್ನಡ, ನನ್ನ ಕನ್ನಡ ಬೇರೆ, ಆದರೂ ತಿಳಿಯಿತು. ಬೆನ್ನು ನೋಯುತ್ತದೆ, ಮಗಾ, ಇವರು ದಿನಾ ಬರುತ್ತಾರೆ, ದಿನಾ ಹೆಣೆದು ತೋರಿಸಬೇಕು ಎಂದರು. ನಾನು ಅತಿಥಿಯ ಕಡೆ ತಿರುಗಿ, ಇಲ್ಲ, ಇದೇ ನನಗೆ ಸಂತೋಷ ಅನ್ನುತ್ತಿದ್ದಾರೆ ಎಂದೆ. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡಳು. ಆ ದಿನದ ಕೆಲಸಕ್ಕೆ ಮೇಡಂ ನನ್ನನ್ನು ಎಲ್ಲರೆದುರು ಹೊಗಳಿದರು. ಉಳಿದ ತಿಂಗಳುಗಳನ್ನು ನಾನು ಹಾಗೆಯೇ ಕಳೆದೆ, ಚೆನ್ನಾಗಿಯೇ ಕಳೆದೆ.

ಊರಿಗೆ ಬಂದಾಗ ಅತ್ತೆಯ ಕಥೆ ಝಳಕಿ ದಾಟಿ ತಾಂಬಾದವರೆಗೂ ಮುಟ್ಟಿತ್ತು. ಕಂಪನಿಯವರು ಎಷ್ಟು ಒಳ್ಳೆಯವರು, ಮುದುಕಿಗೆ ದಣಿವಾಯಿತೆಂದು ತಾವಾಗಿ ಕಳಿಸಿಕೊಟ್ಟರು ಎಂದು ಅವರೇ ಎಲ್ಲರಿಗೂ ಹೇಳುತ್ತಿದ್ದರು. ನನ್ನೆದುರೂ ಹಾಗೇ ಹೇಳಿದರು. ಒಂದು ಕೊಂಕು ಮಾತಿಲ್ಲ, ಒಂದು ಮುನಿಸಿಲ್ಲ. ಬೈದಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ. ಜಗಳ ನನಗೆ ಚೆನ್ನಾಗಿ ಬರುತ್ತದೆ. ಎಷ್ಟೋ ಸಲ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಪಾಪ, ನಂಬಿಕೊಂಡು ಸುಖವಾಗಿದ್ದಾರೆ, ಯಾಕೆ ಕೆಡಿಸಲಿ ಎಂದು ಮುಚ್ಚಿಕೊಂಡೆ. ಹೇಡಿಗಳಿಗೆ ಕರುಣೆ ಬಹಳ ಉಪಯೋಗಕ್ಕೆ ಬರುತ್ತದೆ.

ಕಳೆದ ತಿಂಗಳು ಅದೇ ಮನುಷ್ಯ ಮತ್ತೆ ಫೋನ್ ಮಾಡಿದ, ರೊಟ್ಟಿ ಬಡಿಯುವ ಹೆಂಗಸರು ಬೇಕೆಂದು. ಸುದ್ದಿ ಕೇಳಿ ಬಸವನ ಬಾಗೇವಾಡಿಯಿಂದ ನಮ್ಮ ಸಂಬಂಧದ ಹೆಣ್ಣುಮಗಳೊಬ್ಬಳು ವಿಚಾರಿಸಲು ಬಂದಳು. ತನ್ನ ಅಕ್ಕನ ಮಗಳನ್ನು ಜೊತೆಗೆ ಕರೆದೊಯ್ಯುತ್ತೇನೆ ಎಂದಳು. ಖಾನಾವಳಿಯ ಒಲೆಯ ಮುಂದೆ ಕೂತು ಅತ್ತೆಯನ್ನೇ ಕೇಳಿದಳು: "ಹೋಗಲೇನ್ರಿ ಅಮ್ಮಾ? ನನಗ ಅವರ ಭಾಷಾ ಬರಂಗಿಲ್ಲ. ಹುಡುಗಿ ಕಲತಾಳ, ಅಕಿನ ಮಾತಾಡ್ತಾಳ."

ಅತ್ತೆ ಬಡಿಯುತ್ತಿದ್ದ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕಿ, ಮೇಲೆ ನೀರು ಸವರಿದರು.

"ಹೋಗವಾ, ಛಲೋ ಐತಿ. ಆದ್ರ ಏನರ ಕೇಳಿದ್ರ ನೀನ ಹೇಳು. ಭಾಷಾ ಬರದಿದ್ರ ಕೈ ಮಾಡಿ ಹೇಳು, ಅತ್ತು ಹೇಳು. ಮನ್ಯಾವ್ರ ಬಾಯಿಲೆ ಹೇಳಸಬ್ಯಾಡ."

ಆಮೇಲೆ ನನ್ನ ಕಡೆ ತಿರುಗಿ, ಎಂದಿನ ದನಿಯಲ್ಲೇ, "ಹಿಟ್ಟ ಕೊಡ ಯವ್ವಾ" ಎಂದು ಕೈ ಚಾಚಿದರು.