ಅದೇ ಸೂಜಿ, ಅದೇ ಔಷಧಿ

ಧರ್ಮಪುರದ ಶೇಂಗಾ ಮಿಲ್ಲಿನಲ್ಲಿ ಬೀಜ ಆರಿಸುವ ಅನುಸೂಯಳಿಗೆ, ನಿನ್ನ ಹೆಸರಿನ ಅರ್ಥ ಹೊಟ್ಟೆಕಿಚ್ಚಿಲ್ಲದವಳು ಎಂದು ಶಾಲೆಯ ಮೇಷ್ಟ್ರು ಒಮ್ಮೆ ಹೇಳಿದ್ದರು. ಅವಳಿಗೆ ನಗು ಬಂದಿತ್ತು. ಓರಗಿತ್ತಿ ಹೊಸ ಸೀರೆ ಉಟ್ಟರೆ ಅವಳಿಗೆ ಆ ದಿನ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೆ ಅವೆಲ್ಲ ಬೆಳಗಾದರೆ ಆರಿಹೋಗುವ ಉರಿ. ಆರು ವರ್ಷದ ಮಗಳು ಬಿಂದುವಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿ ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ ಮೇಲೆ ಹತ್ತಿಕೊಂಡದ್ದೇ ಬೇರೆ.

ಪಕ್ಕದ ಮಂಚದಲ್ಲಿ ಶ್ರೀರಾಂಪುರದ ಪಾರ್ವತಮ್ಮನ ಮೊಮ್ಮಗ ಕೊಟ್ರೇಶ ಇದ್ದ. ಅದೇ ವಯಸ್ಸು, ಅದೇ ಕಾಯಿಲೆ. ಇಬ್ಬರ ತಲೆಗೂದಲೂ ಒಟ್ಟಿಗೇ ಉದುರಿತು. ಕಷ್ಟ ತನಗೊಬ್ಬಳಿಗೇ ಬಂದಿಲ್ಲ ಎಂಬುದೇ ಅನುಸೂಯಳಿಗೆ ಸಮಾಧಾನ.

ಒಂದು ಬೆಳಿಗ್ಗೆ ಇಬ್ಬರಿಗೂ ಆಸ್ಪರಾಜಿನೇಸ್ ಎಂಬ ಇಂಜೆಕ್ಷನ್ ಇತ್ತು. ಹಿಂದೆಯೂ ತೆಗೆದುಕೊಂಡಿದ್ದ ಔಷಧಿಯೇ. ಕೊಟ್ರೇಶ ತೊಡೆ ಉಜ್ಜಿಕೊಂಡು ಮಂಡಕ್ಕಿ ಕೇಳಿದ. ಬಿಂದು ಮಾತ್ರ ಸ್ವಲ್ಪ ಹೊತ್ತಿಗೇ, "ಅಮ್ಮಾ, ಮೈಯೆಲ್ಲಾ ಕೆರೀತೈತೆ" ಎಂದಳು. ಅಂಗಿ ಎತ್ತಿ ನೋಡಿದರೆ ಹೊಟ್ಟೆಯ ತುಂಬ ಕೆಂಪು ದದ್ದು, ಗಂಧೆ. ನೋಡನೋಡುತ್ತಲೇ ತುಟಿ ಊದಿತು, ಕೆಮ್ಮು ಹತ್ತಿತು, ಉಸಿರು ಎಳೆಯುವಾಗ ಸುಯ್ಯೆಂದು ಸದ್ದು ಬಂತು. ಅನುಸೂಯ ಮಗಳನ್ನು ತಬ್ಬಿಕೊಂಡು ಕಿರುಚಿದಳು. ಡಾಕ್ಟರಮ್ಮ ಓಡಿಬಂದು ತೊಡೆಗೆ ಬೇರೆ ಸೂಜಿ ಚುಚ್ಚಿ, ಆಕ್ಸಿಜನ್ ಹಾಕಿಸಿದರು. ಮಗುವಿನ ಉಸಿರು ನಿಧಾನಕ್ಕೆ ದಾರಿಗೆ ಬಂತು.

"ಕೆಲವು ಮಕ್ಕಳ ಮೈಗೆ ಇದು ಒಗ್ಗಲ್ಲಮ್ಮ" ಎಂದರು ಡಾಕ್ಟರಮ್ಮ. "ಮೊದಲು ಸುಮ್ಮನಿದ್ದು ಆಮೇಲೆ ತಿರುಗಿ ಬೀಳುತ್ತೆ. ನಿಮ್ಮ ತಪ್ಪೇನಿಲ್ಲ. ಇದರ ಬದಲಿಗೆ ಕೊಡೋ ಔಷಧಿ ಇದೆ. ಸುಲಭಕ್ಕೆ ಸಿಗಲ್ಲ, ಆದ್ರೂ ತರಿಸ್ತೀವಿ."

ಅನುಸೂಯಳ ಕಣ್ಣು ಪಕ್ಕದ ಮಂಚದ ಮೇಲಿತ್ತು. ಹುಡುಗ ಮಂಡಕ್ಕಿ ಮೆಲ್ಲುತ್ತ ಇತ್ತಲೇ ನೋಡುತ್ತಿದ್ದ. ಅದೇ ಸೂಜಿ, ಅದೇ ಔಷಧಿ! ಅವನಿಗೂ ಒಂದು ಗಂಧೆ ಏಳಬಾರದಿತ್ತೆ? ಹಾಗೆನ್ನಿಸಿದ್ದಕ್ಕೆ ಅವಳೇ ಬೆಚ್ಚಿದಳು. ಆದರೆ ಆ ಮಾತನ್ನು ಮನಸ್ಸಿನಿಂದ ತೆಗೆದುಹಾಕಲಿಲ್ಲ.

ಅಂದಿನಿಂದ ಪಾರ್ವತಮ್ಮ ಕೊಟ್ಟ ಗಂಜಿಯನ್ನು ಅವಳು ಮುಟ್ಟಲಿಲ್ಲ, ಆ ಕಡೆಗೆ ಬೆನ್ನು ಹಾಕಿ ಕೂರುತ್ತಿದ್ದಳು. ಬಿಂದುವಿನ ಔಷಧಿ ಇನ್ನೂ ಬಂದಿರಲಿಲ್ಲ. ಕೊಟ್ರೇಶನಿಗೆ ಮುಂದಿನ ಇಂಜೆಕ್ಷನ್ನೂ ಆಯಿತು, ಏನೂ ಆಗಲಿಲ್ಲ. ಪಾರ್ವತಮ್ಮ ಕೈಮುಗಿದು, "ದೇವರು ದೊಡ್ಡೋನು" ಎಂದದ್ದೇ ತಡ, ಅನುಸೂಯ ಸಿಡಿದಳು.

"ಅವನು ನಿಮ್ ಕಡೆಗೇ ಅದಾನೆ ಬಿಡ್ರಿ. ನಿಮ್ ಹುಡುಗಂಗೆ ಎಲ್ಲಾ ಸಲೀಸು."

ಪಾರ್ವತಮ್ಮ ಸಿಟ್ಟಾಗಲಿಲ್ಲ. ಮೊಮ್ಮಗ ನಿದ್ದೆಹೋಗಿದ್ದಾನೆಯೇ ಎಂದು ನೋಡಿ, ದನಿ ತಗ್ಗಿಸಿದಳು.

"ಸಲೀಸೇನವ್ವ? ಅವತ್ತು ನಿನ್ ಮಗಳನ್ನ ತಬ್ಕಂಡಿದ್ಯಲ್ಲ, ಇವ್ನು ನೋಡ್ತಿದ್ದ. ಆಮೇಲೆ, 'ಅಜ್ಜಿ, ನಂಗೂ ಹಂಗೆ ಗಂಧೆ ಎದ್ರೆ ಅಮ್ಮ ಬರ್ತಾಳಾ' ಅಂತ ಕೇಳ್ದ. ನನ್ ಮಗ ಸತ್ ಮೇಲೆ ಸೊಸೆ ಬೇರೆ ಮದುವೆ ಆಗಿ ಹೋದ್ಲು. ಏನಂತ ಹೇಳ್ಲಿ?"

ಅನುಸೂಯ ನಿದ್ದೆಹೋಗಿದ್ದ ಹುಡುಗನ ಕಡೆಗೆ ತಿರುಗಿ ಕೂತಳು. ತಾನು ಯಾರನ್ನು ಕಂಡು ಕುದಿಯುತ್ತಿದ್ದಳೋ ಆ ಹುಡುಗ ತನ್ನ ಮಗಳನ್ನು ಕಂಡು ಕರುಬಿದ್ದ, ಅದೂ ಆ ಗಂಧೆಗಾಗಿ.

ಬದಲಿ ಔಷಧಿ ಬಂದ ದಿನ ಬಿಂದು ಸೂಜಿ ಕಂಡೊಡನೆ ಹಟ ಹಿಡಿದು ಅತ್ತಳು. ಇಂಜೆಕ್ಷನ್ ಆದ ಮೇಲೂ ಅನುಸೂಯ ಮಗಳ ಅಂಗಿ ಮತ್ತೆ ಮತ್ತೆ ಎತ್ತಿ ನೋಡುತ್ತಿದ್ದಳು. ಕೊಟ್ರೇಶ ತನ್ನ ಮಂಚದಿಂದ ಇಣುಕುತ್ತಿದ್ದ.

"ಬಾರೋ ಇಲ್ಲಿ" ಎಂದಳು ಅವಳು. ಅವನು ಬಂದು ಅವಳ ಮಗ್ಗುಲಿಗೆ ಒತ್ತಿ ಕೂತ. ಮಧ್ಯಾಹ್ನವಾದರೂ ಬಿಂದುವಿನ ಮೈಮೇಲೆ ಒಂದು ಗಂಧೆಯೂ ಏಳಲಿಲ್ಲ.

ಚಿಕಿತ್ಸೆ ಮುಗಿದು ಈಗ ಇಬ್ಬರೂ ಶಾಲೆಗೆ ಹೋಗುತ್ತಾರೆ. ತಪಾಸಣೆಗೆ ಹೋಗುವಾಗ ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಾಲ್ವರೂ ಸೇರುತ್ತಾರೆ. ಕೊಟ್ರೇಶ ಬಿಂದುವಿಗಿಂತ ಗೇಣುದ್ದ ಎತ್ತರ, ತಲೆ ತುಂಬ ಗುಂಗುರು ಕೂದಲು. ಅದನ್ನು ಕಂಡರೆ ಅನುಸೂಯಳ ಹೊಟ್ಟೆ ಇಂದಿಗೂ ಚುರುಕ್ಕೆನ್ನುತ್ತದೆ.

"ಇವ್ನಿಗೆ ಏನ್ ಹಾಕ್ತೀರಿ ಅಮ್ಮಾ?"

"ರಾಗಿ ಮುದ್ದೆ, ಇನ್ನೇನವ್ವ?"

"ನಾನೂ ಅದನ್ನೇ ಹಾಕೋದಪ್ಪ" ಎಂದು ಮುಖ ಗಂಟಿಕ್ಕಿಕೊಂಡೇ ಅನುಸೂಯ ಬಸ್ ಹತ್ತಿ, ಹುಡುಗನಿಗೂ ಕಿಟಕಿ ಪಕ್ಕ ಒಂದು ಸೀಟು ಹಿಡಿಯುತ್ತಾಳೆ.