ಬೆಲ್ ಒತ್ತದ ಕೋಚ್

ಆಗೆಲ್ಲ ನಮಗೆ ಚಳಿಗಾಲ ಅಂದರೆ ಏಸಿ ಆರಿಸುವ ಕಾಲ. ವರ್ಷದ ಬಹುಪಾಲು ಗೋಡೆಯಲ್ಲಿ ಗುರುಗುಟ್ಟುತ್ತಿದ್ದ ಸದ್ದು ಒಂದು ದಿನ ನಿಂತು, ಅಮ್ಮ ಕಿಟಕಿಯ ಗಾಜು ಸರಿಸಿದರೆ ಅಲ್ ಬರ್ಷಾದ ನಮ್ಮ ಬೀದಿ ಮನೆಯೊಳಗೆ ಬರುತ್ತಿತ್ತು. ಗ್ರೋಸರಿಯವನ ಸೈಕಲ್ಲಿನ ಸದ್ದು, ಮಸೀದಿಯಿಂದ ಸಂಜೆಯ ಅಸರ್ ಬಾಂಗು, ಪಾರ್ಕಿನಲ್ಲಿ ಯಾರೋ ಮಾಂಸ ಸುಡುವ ಇದ್ದಿಲಿನ ವಾಸನೆ. ಗಲ್ಫಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪರೋಟದೊಳಗೆ ಚಿಪ್ಸ್ ಪುಡಿ ಮಾಡಿ ಸುತ್ತಿಕೊಂಡು ತಿನ್ನುತ್ತ ಬೀದಿಯಲ್ಲಿ ನಡೆಯಬಹುದಾದ ತಿಂಗಳುಗಳು ಅವು. ಬೆಳಗಿನ ಜಾವ ಮಂಜು ಬೀಳುತ್ತಿತ್ತು. ಎದುರಿನ ಕಟ್ಟಡ ಇರುತ್ತಿರಲಿಲ್ಲ.

ಅದು ಎರಡು ಸಾವಿರದ ಹದಿಮೂರೋ ಹದಿನಾಲ್ಕೋ. ಅಮ್ಮ ಒಂದು ಹೇಳುತ್ತಾಳೆ, ನನ್ನ ಶಾಲೆಯ ಫೋಟೋ ಇನ್ನೊಂದು ಹೇಳುತ್ತದೆ. ನಾನು ಎರಡನ್ನೂ ಹೊಂದಿಸಲು ಹೋಗುವುದಿಲ್ಲ. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು, ಕೋಚ್ ಆಡುತ್ತಿದ್ದದ್ದು ಇಂಗ್ಲಿಷು. ಇಲ್ಲಿ ಬರುವ ಮಾತುಗಳೆಲ್ಲ ಆಗಲೇ ಒಂದು ಸಲ ಕೈ ಬದಲಾಗಿವೆ.

ಕೋಚ್ ಎಂದರೆ ವಾರೆನ್. ಕೆನಡಾದವರು. ಅಲ್ ಬರ್ಷಾದ ಕೆರೆ ಪಾರ್ಕಿನಲ್ಲಿ ಮಕ್ಕಳಿಗೆ ಓಟ ಕಲಿಸುತ್ತಿದ್ದರು. ಒಂದು ಕಾಲದಲ್ಲಿ ಅವರೇ ಓಟಗಾರರಾಗಿದ್ದರು, ಎಂಟುನೂರು ಮೀಟರಿನವರು. ಅವರ ಊರಿನಲ್ಲಿ ಚಳಿಗಾಲವಿಡೀ ಹಿಮ ಬಿದ್ದು ಮೈದಾನ ಮುಚ್ಚಿಹೋಗುವುದರಿಂದ, ಐಸ್ ಹಾಕಿ ಎಂಬ ಆಟ ಆಡುವ ಕಟ್ಟಡದೊಳಗೆ, ಕುರ್ಚಿಗಳ ಹಿಂದಿನ ಇಕ್ಕಟ್ಟಾದ ಓಣಿಯಲ್ಲಿ ಸುತ್ತು ಹೊಡೆದು ಓಡಲು ಕಲಿತರಂತೆ. ಅಪ್ಪ ಗೋಧಿ ತುಂಬಿಡುವ ಗೋದಾಮಿನಲ್ಲಿ ಕೆಲಸಕ್ಕಿದ್ದವರು. ಮಗ ಅಲ್ಲಿಂದ ಮನೆಗೆ ಓಡಿ ಬಂದಾಗ ಅವನ ರೆಪ್ಪೆಯ ಮೇಲೆ ಹೆಪ್ಪುಗಟ್ಟಿದ ಮಂಜನ್ನು ಹೆಬ್ಬೆರಳಿನಿಂದ ಕರಗಿಸುತ್ತಿದ್ದರಂತೆ. ದೇಶದ ಪರವಾಗಿ ಒಮ್ಮೆ ದೊಡ್ಡ ಕೂಟದಲ್ಲಿ ಓಡಿ ಕೊನೆಯವರಾಗಿ ಬಂದರು. "ನನ್ನ ಮುಂದಿದ್ದವನ ಕುತ್ತಿಗೆ ನನಗೆ ನನ್ನ ತಮ್ಮನ ಮುಖಕ್ಕಿಂತ ಚೆನ್ನಾಗಿ ಗೊತ್ತು" ಎನ್ನುತ್ತಿದ್ದರು.

ಆಮೇಲೆ ಮೊಣಕಾಲು ಕೆಟ್ಟಿತು. ಸೈನ್ಯ ಸೇರಿ ಆಫೀಸರಾದರು. ಅಫ್ಘಾನಿಸ್ತಾನದ ಯುದ್ಧಕ್ಕೆ ಹೋದರು. ಹೋಗುವಾಗಲೂ ಬರುವಾಗಲೂ ಅವರ ವಿಮಾನ ನಾವಿದ್ದ ಆ ಗಲ್ಫ್ ದೇಶದ ಮರಳಿನಲ್ಲಿ ಇಳಿಯುತ್ತಿತ್ತಂತೆ. ಯುದ್ಧಕ್ಕೂ ಮನೆಗೂ ನಡುವೆ ನಿಲ್ಲಲು ಗೊತ್ತಿದ್ದ ಜಾಗ ಇದೊಂದೇ, ಹಾಗಾಗಿ ಕೊನೆಗೆ ಇಲ್ಲೇ ನಿಂತೆ, ಎಂದರು. ಎಡ ಕಿವಿ ಯುದ್ಧದಲ್ಲೇ ಕಿವುಡಾಗಿತ್ತು. ನಾವು ಮಕ್ಕಳು ಅವರ ಎಡಕ್ಕೆ ನಿಂತು ಏನೇನೋ ಹೇಳಿ ನಗುತ್ತಿದ್ದೆವು. ಅವರಿಗೆ ಗೊತ್ತಿತ್ತು ಎಂದು ಈಗ ಅನಿಸುತ್ತದೆ. ಆಗಾಗ ಬೇಕೆಂದೇ ಆ ಕಿವಿಯನ್ನು ನಮ್ಮ ಕಡೆ ಕೊಟ್ಟು ನಿಲ್ಲುತ್ತಿದ್ದರು.

ನಮ್ಮ ಮೇಲಿನ ಮಹಡಿಯಲ್ಲಿದ್ದ ಶೇಖರ ಮಾಮ, ಪಪ್ಪನ ಗೆಳೆಯರು, ಅವರಿಗೆ ಮಿಲಿಟರಿ ಮಾಸ್ತರು ಎಂದು ಹೆಸರಿಟ್ಟಿದ್ದರು.

"ನಿನ್ನ ಮಿಲಿಟರಿ ಮಾಸ್ತರು ಮಂಜಲ್ಲೂ ಓಡಿಸ್ತಾರಂತಲ್ಲ? ಕಂಬಕ್ಕೆ ಹೊಡ್ಕೊಂಡ್ರೆ ಮೂಗು ಊರಿಗೆ ಪಾರ್ಸೆಲ್ ಕಳಿಸ್ಲಿಕ್ಕಾ?"

"ಹೀ ಬ್ಲೋಸ್ ಅ ವಿಸಲ್, ಮಾಮ."

"ವಿಸಲ್ ಹೊಡೆದ್ರೆ ಕಂಬ ಬದಿಗೆ ಹೋಗ್ತದಾ?"

ನಿಜ, ರಜೆಯ ಬೆಳಗ್ಗೆ ಮಂಜಿನಲ್ಲೂ ಓಡಿಸುತ್ತಿದ್ದರು. ಕೆರೆಯ ಆಚೆ ದಡದಲ್ಲಿ ನಿಂತು ಸೀಟಿ ಊದುತ್ತಿದ್ದರು. ಕಾಣದಿದ್ದರೂ ಆ ಕಡೆಗೆ ಓಡಬೇಕು. "ಎರಡನೇ ಸುತ್ತಿನ ಮೊದಲ ತಿರುವಿನಲ್ಲಿ ಎಲ್ಲರೂ ತಮಗೆ ತಾವೇ ಸುಳ್ಳು ಹೇಳಿಕೊಳ್ಳುತ್ತಾರೆ," ಎನ್ನುತ್ತಿದ್ದರು. "ಇನ್ನೂ ಇದೆ, ಸಾಕಷ್ಟು ಉಸಿರು ಇದೆ ಅಂತ. ಇಲ್ಲ ಅಂತ ಒಪ್ಪಿಕೊಂಡವರು ಮಾತ್ರ ಓಟ ಮುಗಿಸುತ್ತಾರೆ." ಹನ್ನೊಂದು ವರ್ಷದವರಿಗೆ ಹೇಳುವ ಮಾತಲ್ಲ ಅದು.

ಅವರದೊಂದು ವಿಚಿತ್ರ ಪದ್ಧತಿ ಇತ್ತು. ಅಭ್ಯಾಸದ ದಿನ ನಮ್ಮಂಥ ಕೆಲವರನ್ನು ಅವರೇ ಕಾರಿನಲ್ಲಿ ಕರೆದೊಯ್ಯುತ್ತಿದ್ದರು. ಆದರೆ ಯಾರ ಮನೆಯ ಬೆಲ್ಲನ್ನೂ ಒತ್ತುತ್ತಿರಲಿಲ್ಲ. ಗ್ರೋಸರಿಯ ಮುಂದೆ ಕಾರು ನಿಲ್ಲಿಸಿ ಮಿಸ್ ಕಾಲ್ ಕೊಟ್ಟು ಕಾಯುತ್ತಿದ್ದರು. ಅಮ್ಮ ಕಿಟಕಿಯಿಂದ ಕೈಬೀಸಿ ಚಹಾಕ್ಕೆ ಕರೆದರೂ ಎದೆಯ ಮೇಲೆ ಕೈಯಿಟ್ಟು ಬೇಡ ಎನ್ನುತ್ತಿದ್ದರು. "ಎಂತ ಜನವಪ್ಪ, ಮೆಟ್ಟಿಲು ಹತ್ತಿದ್ರೆ ಜಾತಿ ಹೋಗ್ತದಾ?" ಎಂದು ಅಮ್ಮ ನಗುತ್ತಿದ್ದಳು.

ಒಂದು ಸಂಜೆ ಅಭ್ಯಾಸ ಮುಗಿದ ಮೇಲೆ ನನ್ನನ್ನು ಮನೆಗೆ ಕರೆದೊಯ್ಯಲು ಪಪ್ಪ ಬರುವುದು ತಡವಾಯಿತು. ಪಪ್ಪನ ಕೆಲಸ ಅಬುಧಾಬಿಯ ಮುಸಫ್ಫಾದಲ್ಲಿ, ಒಂದು ಪೈಪ್ ಕಂಪೆನಿಯ ಸ್ಟೋರಿನಲ್ಲಿ. ದಿನಾ ಆ ಉದ್ದ ರಸ್ತೆಯಲ್ಲಿ ಹೋಗಿ ಬರುತ್ತಿದ್ದರು. ರಸ್ತೆ ಜಾಮ್ ಆಗಿದೆ ಎಂದು ಫೋನ್ ಬಂತು. ಕೋಚ್ ನನಗೆ ಕರಕ್ ಚಹಾ ಕೊಡಿಸಿ ಕಾರಿನ ಬಾನೆಟ್ ಮೇಲೆ ಕೂರಿಸಿದರು. ನಾನು ಕೇಳಿದೆ, ನೀವು ಯಾರನ್ನಾದರೂ ಕೊಂದಿದ್ದೀರಾ ಎಂದು.

ಅದಕ್ಕೆ ಅವರು ಬೇರೆಯದೇ ಹೇಳಿದರು. ಯುದ್ಧದಿಂದ ಬಂದ ಮೇಲೆ ಅವರಿಗೆ ಇನ್ನೊಂದು ಕೆಲಸ ಕೊಟ್ಟರಂತೆ. ಸತ್ತ ಸೈನಿಕರ ಮನೆಗೆ ಹೋಗಿ ಸುದ್ದಿ ಹೇಳುವುದು. ಯೂನಿಫಾರ್ಮ್ ಹಾಕಿ, ಶೂ ಒರೆಸಿ, ಬೆಲ್ ಒತ್ತುವುದು. ಮೊದಲನೇ ವಾಕ್ಯದಲ್ಲೇ ಸತ್ತ ಎಂಬ ಪದ ಬರಬೇಕು ಎಂಬುದು ನಿಯಮ. ತೀರಿಹೋದ ಅನ್ನಬಾರದು, ನಮ್ಮನ್ನು ಬಿಟ್ಟುಹೋದ ಅನ್ನಬಾರದು.

"ಒಂದು ಸಲ ನನಗೆ ಪಾಪ ಅನಿಸಿತು," ಎಂದರು. "ತಾಯಿಯೊಬ್ಬಳು ಬಾಗಿಲು ತೆಗೆದಳು. ತುಂಬ ಗಾಯವಾಗಿದೆ ಅಂದೆ, ಮುಂದಿನದನ್ನು ಕೂತ ಮೇಲೆ ಹೇಳೋಣ ಅಂತ. ಅವಳು ಕೂರಲೇ ಇಲ್ಲ. ಒಳಗೆ ಓಡಿ ಚೀಲ ತುಂಬಿದಳು. ಮಗನ ಕಾಲುಚೀಲ, ರೇಜರ್. ಕಾರಿನ ತನಕ ಬಂದಳು. ಅಲ್ಲಿ ನಾನು ಅವನನ್ನು ಇನ್ನೊಮ್ಮೆ ಸಾಯಿಸಬೇಕಾಯಿತು."

ಪಪ್ಪನ ಕಾರು ಬಂತು. ಕೋಚ್ ನನ್ನ ಕೈಯಿಂದ ಕಾಗದದ ಲೋಟ ತೆಗೆದುಕೊಂಡು, "ಯಲ್ಲಾ, ಹೋಗು" ಎಂದರು.

ಆ ತಾಯಿಯ ಕತೆಯನ್ನು ಅವರು ಅಂದೇ ಹೇಳಿದರೋ, ಅಥವಾ ಮುಂದೆ ಆದದ್ದಕ್ಕೆ ಒಪ್ಪುವಂತೆ ನಾನೇ ಅದನ್ನು ಹಿಂದಕ್ಕೆ ತಳ್ಳಿ ಅಲ್ಲಿ ಕೂರಿಸಿದ್ದೇನೋ ಗೊತ್ತಿಲ್ಲ. ಕಾಲುಚೀಲ, ರೇಜರ್ ಮಾತ್ರ ನನ್ನವಲ್ಲ. ಅವನ್ನು ಕಲ್ಪಿಸುವಷ್ಟು ನನಗೆ ಆಗ ತಿಳಿದಿರಲಿಲ್ಲ.

ಅದಾಗಿ ಕೆಲವು ವಾರಗಳಿಗೆ, ಒಂದು ಗುರುವಾರ, ದಟ್ಟ ಮಂಜಿನ ಬೆಳಗ್ಗೆ, ಪಪ್ಪ ಅಬುಧಾಬಿ ರಸ್ತೆಯಲ್ಲಿ ಸತ್ತರು. ಮುಂದೆ ನಿಂತಿದ್ದ ಗಾಡಿ ಕಾಣಲಿಲ್ಲ. ಹಿಂದೆ ಬಂದವರಿಗೆ ಪಪ್ಪನ ಕಾರು ಕಾಣಲಿಲ್ಲ. ಕಂಪೆನಿಯವರು ಫೋನ್ ಮಾಡಿದ್ದು ಶೇಖರ ಮಾಮನಿಗೆ. ಮಧ್ಯಾಹ್ನದೊಳಗೆ ನಮ್ಮ ಫ್ಲ್ಯಾಟಿನಲ್ಲಿ ಜನ ತುಂಬಿದ್ದರು. ಅವರಲ್ಲಿ ಇಬ್ಬರಿಗೆ ಮಾತ್ರ ಅದು ಗೊತ್ತಿರಲಿಲ್ಲ, ಅಮ್ಮನಿಗೆ ಮತ್ತು ನನಗೆ.

ಊರಿನವರಿಗೆ ಈ ಪದ್ಧತಿ ಗೊತ್ತು. ಸಾವನ್ನು ಫೋನಿನಲ್ಲಿ ಹೇಳುವುದಿಲ್ಲ, ದೂರದಲ್ಲಿರುವವರಿಗೆ ಹೇಳುವುದಿಲ್ಲ. ಸೀರಿಯಸ್ ಎನ್ನುತ್ತಾರೆ. ಟಿಕೆಟ್ ಮಾಡಿಸುತ್ತಾರೆ, ಊಟ ಮಾಡಿಸುತ್ತಾರೆ, ವಿಮಾನ ಹತ್ತಿಸುತ್ತಾರೆ. ಬಜಪೆಯಲ್ಲಿ ಇಳಿದು, ಅಣ್ಣನೋ ಭಾವನೋ ಬಂದು ತೋಳು ಹಿಡಿದ ಮೇಲೆ ಸುದ್ದಿ. ಅಲ್ಲಿಯವರೆಗೆ ಹೊರುವುದು ಬೇರೆಯವರು. ಶೇಖರ ಮಾಮ ಅದನ್ನೇ ಮಾಡುತ್ತಿದ್ದರು.

"ಐಸಿಯುನಲ್ಲಿ ಇದ್ದಾನೆ ಅಕ್ಕ. ಸ್ವಲ್ಪ ಸೀರಿಯಸ್ಸೇ. ಈಗ ಯಾರನ್ನೂ ಒಳಗೆ ಬಿಡುದಿಲ್ಲ ಅಂತೆ. ನೀವು ಮಗಳನ್ನು ಕರ್ಕೊಂಡು ಮೊದಲು ಊರಿಗೆ ಹೋಗಿ. ಇಲ್ಲಿಂದ ಏರ್ ಆಂಬುಲೆನ್ಸಲ್ಲಿ ಅವನನ್ನು ಮಣಿಪಾಲಕ್ಕೆ ತರುವ ವ್ಯವಸ್ಥೆ ಮಾಡ್ತಾ ಇದ್ದೇವೆ."

"ನಾನು ಒಂದ್ಸಲ ನೋಡ್ಬೇಕು ಶೇಖರಣ್ಣ."

"ನೋಡುವಾ, ನೋಡುವಾ. ಬಿಡ್ಬೇಕಲ್ಲ ಅವರು."

ಅಮ್ಮ ಅಡುಗೆಮನೆಗೆ ಹೋಗಿ ಕುಚ್ಚಲಕ್ಕಿ ತೊಳೆದು ಗಂಜಿಗೆ ಇಟ್ಟಳು. ಆಸ್ಪತ್ರೆಯಲ್ಲಿ ಬ್ರೆಡ್ಡು ಕೊಡುತ್ತಾರೆ, ಅವರಿಗೆ ಅದು ಸೇರುವುದಿಲ್ಲ, ಬಿಡುವ ಹೊತ್ತಿಗೆ ತಯಾರಿರಲಿ ಎಂದಳು. ಶೇಖರ ಮಾಮನ ಹೆಂಡತಿ ವನಿತಾ ಆಂಟಿ ತಡೆಯಲು ಹೋದಾಗ ಮಾಮ ಬಾಗಿಲಿನಲ್ಲಿ ತಗ್ಗಿದ ದನಿಯಲ್ಲಿ, "ಮಾಡ್ಲಿ ಬಿಡು. ಕೈಗೊಂದು ಕೆಲಸ ಆಯ್ತು" ಎಂದರು. ವನಿತಾ ಆಂಟಿ ನನ್ನನ್ನು ಮೂಲೆಯಲ್ಲಿ ಕೂರಿಸಿ ದೋಸೆ ಮುರಿದು ಬಾಯಿಗಿಟ್ಟರು. "ಮೊದಲು ತಿನ್ನು. ಇದೊಂದು ತಿಂದು ಮುಗಿಸು." ನಾನು ತಿಂದೆ. ಮನೆಯಿಡೀ ಗಂಜಿ ಕುದಿಯುವ ವಾಸನೆ. ಕಾಯಿಲೆಯ ದಿನಗಳಲ್ಲಿ ಶಾಲೆಗೆ ರಜೆ ಹಾಕಿ ಮಲಗಿದಾಗಿನ, ಹಿತವಾದ ವಾಸನೆ.

ಸಂಜೆಗೆ ಅಮ್ಮ ಫ್ಲಾಸ್ಕಿಗೆ ಗಂಜಿ ತುಂಬಿ, ಮಾವಿನ ಮಿಡಿ ಉಪ್ಪಿನಕಾಯಿ ಪುಟ್ಟ ಡಬ್ಬಿಗೆ ಹಾಕಿ, ಪಪ್ಪನ ಲುಂಗಿ, ಟವೆಲ್ಲು, ಬೀಪಿ ಮಾತ್ರೆ ಎಲ್ಲವನ್ನೂ ಚೀಲದಲ್ಲಿಟ್ಟು ಬಾಗಿಲ ಪಕ್ಕ ಇರಿಸಿದಳು. ಆಗ ಬೆಲ್ ಆಯಿತು.

ನಾನೇ ತೆಗೆದೆ. ಕೋಚ್ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಒರೆಸಿದ ಕಪ್ಪು ಶೂ. ಅವರನ್ನು ಆ ಬಟ್ಟೆಯಲ್ಲಿ ನಾನು ನೋಡಿರಲೇ ಇಲ್ಲ. (ಅಮ್ಮ ಹೇಳುವ ಪ್ರಕಾರ ಅವರು ಎಂದಿನ ಟ್ರ್ಯಾಕ್ ಪ್ಯಾಂಟಿನಲ್ಲಿದ್ದರು. ಇರಬಹುದು. ಆ ಶರ್ಟನ್ನು ನಾನು ಅವರಿಗೆ ತೊಡಿಸಿರಬಹುದು.) ನಾನು ಅಭ್ಯಾಸಕ್ಕೆ ಇಳಿಯದಿದ್ದಾಗ ಅವರು ಕೆಳಗೆ ವಾಚ್‌ಮನ್‌ನನ್ನು ಕೇಳಿದ್ದರು. ಅವನು ಪಠಾಣ. ಅವನಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿದ್ದ.

ಶೇಖರ ಮಾಮ ಅವರನ್ನು ನೋಡಿದ ಕೂಡಲೇ ಎದ್ದು ಬಂದು, ಅಮ್ಮನಿಗೆ ಕಾಣದ ಹಾಗೆ ತುಟಿಯ ಮೇಲೆ ಬೆರಳಿಟ್ಟರು. ಇದರಲ್ಲಿ ನನಗೆ ಸಂಶಯವಿಲ್ಲ, ಮಾಮನೂ ಒಪ್ಪುತ್ತಾರೆ. ಕೋಚ್ ಅರ್ಥವಾಯಿತು ಎಂಬಂತೆ ತಲೆಯಾಡಿಸಿದರು. ಅಲ್ಲಿಗೆ ಅವರು ಹೊರಟುಹೋಗಬಹುದಿತ್ತು. ತಿರುಗುವಾಗ ಅವರ ಕಾಲಿಗೆ ಚೀಲ ತಾಗಿತು. ಬಗ್ಗಿ ನೋಡಿದರು. ಮಡಚಿದ ಲುಂಗಿ. ಫ್ಲಾಸ್ಕು. ಮಾತ್ರೆ.

ಅವರು ಶೂ ಬಿಚ್ಚಿ ಒಳಗೆ ಬಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನ ಎದುರು ನೆಟ್ಟಗೆ ನಿಂತು, ಅಮ್ಮನಿಗೆ ತಿಳಿಯುವಷ್ಟು ಸರಳ ಇಂಗ್ಲಿಷಿನಲ್ಲಿ, ಮೆಲ್ಲಗೆ ಹೇಳಿದರು. "ಮೇಡಂ, ನಿಮ್ಮ ಗಂಡ ಸತ್ತಿದ್ದಾರೆ. ಇವತ್ತು ಬೆಳಗ್ಗೆ, ರಸ್ತೆಯಲ್ಲಿ."

ಆಮೇಲೆ ನನ್ನ ಕಡೆ ತಿರುಗಿ, ಮಂಡಿಯೂರಿ ಕೂತು, ಅದೇ ಮಾತನ್ನು ನನಗೂ ಹೇಳಿದರು. "ನಿನ್ನ ಪಪ್ಪ ಸತ್ತಿದ್ದಾರೆ, ಶ್ರೇಯಾ."

ಯಾರೂ ಅಳಲಿಲ್ಲ. ಮೊದಲು ಸದ್ದು ಮಾಡಿದ್ದು ಶೇಖರ ಮಾಮ. "ಯಾರು ಹೇಳ್ಲಿಕ್ಕೆ ಹೇಳಿದ್ದು ಇವನಿಗೆ? ಇವನಿಗೆ ಎಂತ ಸಂಬಂಧ? ನಾಡಿದ್ದು ಊರಿಗೆ ಮುಟ್ಟಿದ ಮೇಲೆ ಹೇಳುವಾ ಅಂತ ನಾವು ಬೆಳಗ್ಗಿಂದ ಹೊಟ್ಟೆಯೊಳಗೆ ಇಟ್ಕೊಂಡು ಕೂತದ್ದು." ಹೇಳುತ್ತ ಹೇಳುತ್ತ ಅವರೇ ಗೋಡೆಗೆ ಹಣೆ ಒತ್ತಿ ಅತ್ತರು. ಬೆಳಗಿನಿಂದ ಅವರು ಅತ್ತಿರಲಿಲ್ಲ.

ಅಮ್ಮ ಉಳಿದ ಗಂಜಿಯ ಕೆಳಗೆ ಇನ್ನೂ ಉರಿಯುತ್ತಿದ್ದ ಗ್ಯಾಸ್ ಆರಿಸಿದಳು. ಕೋಚ್‌ಗೆ ಒಂದೇ ಪ್ರಶ್ನೆ ಕೇಳಿದಳು, ನೋವಾಯಿತಾ ಅವರಿಗೆ ಎಂದು. ಕೋಚ್ ಬಲ ಕಿವಿಯನ್ನು ಅವಳ ಕಡೆ ತಿರುಗಿಸಿ ಇನ್ನೊಮ್ಮೆ ಕೇಳಿಸಿಕೊಂಡರು. "ನನಗೆ ಗೊತ್ತಿಲ್ಲ," ಎಂದರು. ಇಲ್ಲ ಎನ್ನಬಹುದಿತ್ತು. ಅಂಥ ಒಂದು ಸಣ್ಣ ಸುಳ್ಳಿಗೆ ಏನು ಖರ್ಚು? ಎನ್ನಲಿಲ್ಲ.

ಗೊತ್ತಾದ ಮೇಲೆ ಅಮ್ಮ ಊರಿಗೆ ಮೊದಲು ಹೋಗಲು ಒಪ್ಪಲಿಲ್ಲ. "ಅವರನ್ನು ಇಲ್ಲಿ ಬಿಟ್ಟು ನಾನು ಹೋಗುದಿಲ್ಲ. ಒಟ್ಟಿಗೆ ಬಂದದ್ದು, ಒಟ್ಟಿಗೇ ಹೋಗುದು." ಮರುದಿನ ಅಬುಧಾಬಿಗೆ ಹೋಗಿ, ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ ಪಪ್ಪನ ಮುಖ ನೋಡಿದಳು. ಕೋಚ್ ಕಾರು ಓಡಿಸಿದರು. ಶೇಖರ ಮಾಮ ಪಕ್ಕದಲ್ಲಿ ಕೂತರು. ಕಾಗದಪತ್ರ ಮುಗಿದ ಮೇಲೆ ನಾವು ಮೂವರೂ ಒಂದೇ ವಿಮಾನದಲ್ಲಿ ಬಂದೆವು, ಪಪ್ಪ ನಮ್ಮ ಸೀಟಿನ ಕೆಳಗೆಲ್ಲೋ. ಆ ದೇಶದಲ್ಲಿ ನಮ್ಮ ವೀಸಾ ಪಪ್ಪನ ವೀಸಾಕ್ಕೆ ಅಂಟಿಕೊಂಡಿತ್ತು. ಅದರೊಂದಿಗೇ ಅದೂ ಹೋಯಿತು. ಮುಂದಿನ ವಾರ ನಾನು ಓಡಬೇಕಿದ್ದ ಎಂಟುನೂರು ಮೀಟರನ್ನು ಬೇರೆ ಯಾರೋ ಓಡಿರಬೇಕು.

ನಾವು ಈಗಲೂ ಇದರ ಬಗ್ಗೆ ಜಗಳವಾಡುತ್ತೇವೆ. ಅಮ್ಮ ಹೇಳುತ್ತಾಳೆ, ಅವರು ಹೇಳದಿದ್ದರೆ ತಾನು ಆ ಗಂಜಿ ಹಿಡಿದುಕೊಂಡು ಬಜಪೆಯ ತನಕ ಬರುತ್ತಿದ್ದೆ, ಆಮೇಲೆ ಜನ್ಮದಲ್ಲಿ ಗಂಜಿ ಮುಟ್ಟುತ್ತಿರಲಿಲ್ಲ ಎಂದು. ನಾನು ಹೇಳುತ್ತೇನೆ, ಆ ದಿನ ದೋಸೆ ತಿನ್ನುವಾಗ ನನಗೆ ಪಪ್ಪ ಇದ್ದರು. ಮಂಜಿನಾಚೆ ಎಲ್ಲೋ, ಕಾಣದೆ, ಆದರೆ ಇದ್ದರು. ಇನ್ನೊಂದೆರಡು ದಿನ ಇರಬಹುದಿತ್ತು. ಆ ದಿನಗಳನ್ನು ಕೋಚ್ ನನ್ನಿಂದ ತೆಗೆದುಕೊಂಡರು. ಅವರು ಮಾಡಿದ್ದು ಸರಿ. ತೆಗೆದುಕೊಂಡದ್ದೂ ನಿಜ.

ನಾನು ಮಂಗಳೂರಿನ ಹಾಸ್ಟೆಲ್ಲಿನಲ್ಲಿದ್ದಾಗ, ಆ ದಶಕ ಮುಗಿಯುತ್ತಿದ್ದ ಹೊತ್ತಿಗೆ, ಒಂದು ಸಂಜೆ ಅಮ್ಮನ ಫೋನ್ ಬಂತು.

"ಶೇಖರಣ್ಣ ಹೇಳಿದ್ರು. ನಿನ್ನ ಕೋಚ್ ಕೆನಡಾಕ್ಕೆ ವಾಪಸ್ ಹೋಗಿದ್ರಂತಲ್ಲ. ಅಲ್ಲಿ ಆಸ್ಪತ್ರೆಯಲ್ಲಿದ್ದಾರಂತೆ. ಸೀರಿಯಸ್ ಅಂತೆ. ನಿಂದು ಊಟ ಆಯ್ತಾ?"

ಊಟದ ಮಾತು ಬಂದಾಗಲೇ ನನಗೆ ಗೊತ್ತಾಯಿತು. ಒಂದು ಪ್ರಶ್ನೆ ಕೇಳಿದ್ದರೆ ಅಮ್ಮ ಹೇಳಿಬಿಡುತ್ತಿದ್ದಳು, ನೇರವಾಗಿ, ಅವರಿಂದಲೇ ಕಲಿತ ಹಾಗೆ. ಕೋಚ್ ಆಗಿದ್ದರೆ ಕೇಳು ಎನ್ನುತ್ತಿದ್ದರು.

"ಇಲ್ಲ, ಈಗ ಮಾಡ್ತೇನೆ," ಎಂದೆ.

"ಹೊಟ್ಟೆ ತುಂಬ ಮಾಡು. ಆಮೇಲೆ ಫೋನ್ ಮಾಡು."

ಕೆಳಗೆ ಮೆಸ್ಸಿಗೆ ಹೋದೆ. ಅಲ್ ಬರ್ಷಾದ ಆ ಮನೆಯಲ್ಲಿ ಈಗ ಯಾರೋ ಇದ್ದಾರೆ, ಚಳಿಗೆ ಕಿಟಕಿ ತೆರೆಯುತ್ತಾರೆ. ಕೆರೆಯ ಆಚೆ ದಡದಲ್ಲಿ ಸೀಟಿ ಊದುವವರು ಇಲ್ಲ. ನಾನು ಅನ್ನ ಸಾರು ಹಾಕಿಸಿಕೊಂಡು ಕಿಟಕಿಯ ಪಕ್ಕ ಕೂತೆ. ಒಂದೊಂದೇ ತುತ್ತು, ನಿಧಾನವಾಗಿ ತಿಂದೆ. ತಟ್ಟೆ ಖಾಲಿಯಾಗುವವರೆಗೆ ಅವರು ಬದುಕಿದ್ದರು.