‘ಊಪ್ಸ್’ಗೆ ನಾನು ಕೊಟ್ಟ ಕನ್ನಡ

ಗೆಳೆಯರೇ, ಇವತ್ತು ಒಂದು ಪುಟ್ಟ ಇಂಗ್ಲಿಷ್ ಮಾತನ್ನು ಅನುವಾದಿಸಿ ಬಂದೆ. ಊಟ ಸೇರುತ್ತಿಲ್ಲ.

ವಾಗ್ಳೆ ಎಸ್ಟೇಟ್ ಕೈಗಾರಿಕಾ ಪ್ರದೇಶದ ನಮ್ಮ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿ ಸಿದ್ದಪ್ಪನ ಎರಡು ಬೆರಳು ಹೋದವು. ಕೆಲಸ ಬೇಗ ಸಾಗಲೆಂದು ಅದರ ಸೇಫ್ಟಿ ಗಾರ್ಡ್ ತೆಗೆಸಿದ್ದು ಮ್ಯಾನೇಜರ್. ದಿವಾದ ಮನೆಯಿಂದ ಆಸ್ಪತ್ರೆಗೆ ಓಡಿಬಂದ ಸಿದ್ದಪ್ಪನ ಹೆಂಡತಿಯ ಎದುರು ಆತ ಭುಜ ಕುಣಿಸಿ, “ಊಪ್ಸ್! ಮೈ ಬ್ಯಾಡ್” ಎಂದ.

“ಸಾಹೇಬ್ರು ಏನಂದ್ರರಿ?” ಎಂದು ಆಕೆ ಪಕ್ಕದಲ್ಲಿದ್ದ ನನ್ನನ್ನು ಕೇಳಿದಳು.

ಅಷ್ಟು ಹಗುರವಾದ ಕನ್ನಡ ನನ್ನ ಬಾಯಿಗೆ ಬರಲಿಲ್ಲ. “ತಪ್ಪೆಲ್ಲ ನಂದೇ, ಮಾಫ್ ಮಾಡಿ ಅಂದ್ರು” ಎಂದೆ.

ಆಕೆ ಕಣ್ಣೊರೆಸಿಕೊಂಡು ಮ್ಯಾನೇಜರಿಗೆ ಕೈಮುಗಿದಳು. “ಇಷ್ಟ ದೊಡ್ಡವ್ರು ತಪ್ಪ ಒಪ್ಕೊಂಡಾರ. ಇನ್ನ ನಾವು ಕಂಪ್ಲೇಂಟ್ ಕೊಡಂಗಿಲ್ಲ ಅಂತ ಹೇಳ್ರಿ.”

ಅದನ್ನು ಮಾತ್ರ ಚಾಚೂ ತಪ್ಪದೆ ಅನುವಾದಿಸಿದೆ. ಮ್ಯಾನೇಜರ್ “ಕೂಲ್” ಎಂದ.

ಸದ್ಯ, ಅದರ ಅರ್ಥವನ್ನು ಆಕೆ ಕೇಳಲಿಲ್ಲ.